ಮಗ್ಗ ಯಾರ ಮನೇದು?

ಹೋದ ವರ್ಷ ನನ್ನ ಮಗಳು ಮನೆಗೆ ಒಂದು ಮಗ್ಗ ತಂದಳು. ದೊಡ್ಡದೇನಲ್ಲ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಮರದ ಚೌಕಟ್ಟು. ಮೇಲೊಂದು ಸಾಲು ಮೊಳೆ, ಕೆಳಗೊಂದು ಸಾಲು ಮೊಳೆ. ಮೊಳೆಯಿಂದ ಮೊಳೆಗೆ ಹಾಸುನೂಲು ಬಿಗಿದು, ಒಂದು ಎಳೆ ಬಿಟ್ಟು ಒಂದು ಎಳೆ ಎತ್ತಿ, ನಡುವೆ ಹೊಕ್ಕುನೂಲು ತೂರಿಸಿ ಬಾಚಣಿಗೆಯಿಂದ ತಟ್ಟಿ ಕೂರಿಸಬೇಕು. ಮೈಸೂರಿನ ಒಂದು ಬಡಾವಣೆಯಲ್ಲಿ ಶನಿವಾರ ಭಾನುವಾರ ನಡೆಯುವ ಶಿಬಿರಕ್ಕೆ ದುಡ್ಡು ಕಟ್ಟಿ ಇದನ್ನು ಕಲಿತು ಬಂದಿದ್ದಳು.

ನಮ್ಮವ್ವನಿಗೆ ಎಂಬತ್ತು ದಾಟಿದೆ. ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

'ದುಡ್ಡ ಕೊಟ್ಟು ನೇಯಾದ ಕಲ್ತು ಬಂದ್ಯಾ ಕೂಸು?'

'ಹೂಂ ಅಜ್ಜಿ.'

'ನಮ್ಮ ತಾತನ ಮನಲಿ ಮಗ್ಗದ ಗುಂಡಿ ಇತ್ತು ಕನ. ನಾ ಹುಟ್ಟ ಹೊತ್ಗ ಅದ ಮುಚ್ಚಿ, ಅದ್ರ ಮ್ಯಾಲ ರಾಗಿ ವಾಡೆ ಮಡಗಿದ್ರು.'

ಇಷ್ಟೇ ಮಾತು. ನಾನು ಐವತ್ತು ವರ್ಷ ಆಕೆಯ ಜೊತೆ ಬದುಕಿದವನು, ಈ ಮಾತನ್ನು ಅವತ್ತೇ ಮೊದಲು ಕೇಳಿದ್ದು. ಯಾರೂ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

ಶಿಬಿರದ ಕೊನೆಗೆ ಒಂದು ಪ್ರದರ್ಶನ. ಕಲಿತವರೆಲ್ಲ ನೇಯ್ದ ತುಂಡುಗಳನ್ನು ತೂಗುಹಾಕಿ ಪಕ್ಕದಲ್ಲಿ ಒಂದು ಚೀಟಿ ಅಂಟಿಸಬೇಕು. ಯಾವ ನೂಲು, ಯಾವ ಬಣ್ಣ, ಯಾವ ಪರಂಪರೆ ಎಂಬ ವಿವರ. ಮಗಳು ದಪ್ಪ ಹತ್ತಿ ನೂಲಿನ ಒಂದು ಬಿಳಿ ತುಂಡು ನೇಯ್ದಿದ್ದಳು. ಅದರ ಚೀಟಿಯಲ್ಲಿ ಬರೆದಳು: ಮೈಸೂರು ಸೀಮೆಯಲ್ಲಿ ಇಂಥ ದಪ್ಪ ಬಟ್ಟೆಯನ್ನು ಹೊಲೆಯರು ನೇಯುತ್ತಿದ್ದರು. ನಡೆಸುವವರು ಒಳ್ಳೆಯ ಜನ, ಬಹಳ ವಿನಯದಿಂದಲೇ ಹೇಳಿದರಂತೆ: 'ಆ ಪದ ಬೇಡಮ್ಮ, ಸ್ಥಳೀಯ ಸಮುದಾಯಗಳು ಅಂತ ಹಾಕೋಣ. ನೋಡೋಕೆ ಬಂದವರಿಗೆ ಮುಜುಗರ ಆಗುತ್ತೆ.' ಪಕ್ಕದ ಚೀಟಿಗಳಲ್ಲಿ ದೇವಾಂಗ ಇತ್ತು, ಪದ್ಮಶಾಲಿ ಇತ್ತು. ಆ ಪದಗಳಿಂದ ಯಾರಿಗೂ ಮುಜುಗರ ಆಗಿರಲಿಲ್ಲ. ಮಗಳು ಬಟ್ಟೆಯನ್ನು ಕೆಳಗಿಳಿಸಿಕೊಂಡು ಮನೆಗೆ ಬಂದಳು.

ಈ ಬರಹ ಆ ಚೀಟಿಯ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಮನೆಯಲ್ಲಿ ಕೂತು ನೇಯುವುದನ್ನು ಹೀಯಾಳಿಸಲು ನಾನು ಬರೆಯುತ್ತಿಲ್ಲ. ನಾನೂ ಆ ಚೌಕಟ್ಟಿನ ಮುಂದೆ ಕೂತೆ. ಎರಡು ಗಂಟೆಗೆ ನಾಲ್ಕು ಬೆರಳಗಲ ನೇಯ್ದೆ. ಅಂಚು ಒಳಕ್ಕೆ ಎಳೆದುಕೊಂಡು ಬಟ್ಟೆ ನಡುವೆ ಸೊರಗಿತು. ಹೊಕ್ಕುನೂಲನ್ನು ನೇರ ಎಳೆಯಬಾರದು, ಕಮಾನಿನ ಹಾಗೆ ಸಡಿಲ ಬಿಟ್ಟು ತಟ್ಟಬೇಕು ಎಂದು ಮಗಳು ತೋರಿಸಿದಳು. ಬಣ್ಣಕ್ಕೆ ದಾಳಿಂಬೆ ಸಿಪ್ಪೆ ಕುದಿಸಿದೆವು, ಈರುಳ್ಳಿ ಸಿಪ್ಪೆ ಕುದಿಸಿದೆವು. ಪಟಿಕ ಹಾಕದೆ ಅದ್ದಿದ ನೂಲು ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು, ಪಟಿಕದ ನೀರಲ್ಲಿ ನೆನೆಸಿ ಅದ್ದಿದ್ದು ನಿಂತಿತು. ಅರಿಶಿನ ಎಷ್ಟು ಚೆಂದ ಹತ್ತಿದರೂ ಬಿಸಿಲಿಗೆ ಹಾರಿಹೋಯಿತು. ಬಡಾಯಿ ಕೊಚ್ಚಿಕೊಳ್ಳದೆ ಕೈಗೆ ಬರುವ ವಿದ್ಯೆ ಇದು. ಪುಸ್ತಕ ಓದಿಯೇ ಮೇಲೆ ಬಂದ ನಮ್ಮಂಥವರ ಕೈಗೆ ಇದರ ರುಚಿ ಹತ್ತಿದ್ದು ಒಳ್ಳೆಯದೇ.

ನನ್ನ ತಕರಾರು ನೂಲಿನ ಮೇಲಲ್ಲ, ನೂಲಿನ ಸುತ್ತ ಹೆಣೆದ ಮಾತಿನ ಮೇಲೆ. ಶಿಬಿರಗಳಲ್ಲಿ, ಕೈಮಗ್ಗದ ಬಗ್ಗೆ ಬರುವ ಬಣ್ಣದ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಮೂರು ಪದ ಮತ್ತೆ ಮತ್ತೆ ಬರುತ್ತವೆ: ಪರಂಪರೆ, ಸರಳ ಬದುಕು, ಪ್ರಯೋಗ. ಈ ಮೂರೂ ಜಾತಿ ಗೊತ್ತಿಲ್ಲದ ಹಾಗೆ ನಟಿಸುವ ಪದಗಳು. 1973ರಲ್ಲಿ ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ನಿಂತು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಊರಿಗೆ ಊರೇ ಉರಿದಿತ್ತು. ಕೈಮಗ್ಗದ ಸಾಹಿತ್ಯವನ್ನು ಅವರು ಓದಿದ್ದರೆ ಏನನ್ನುತ್ತಿದ್ದರೋ!

ಪರಂಪರೆಯಿಂದಲೇ ಶುರುಮಾಡೋಣ. ಮೈಸೂರಿನ ಬಟ್ಟೆ ಪರಂಪರೆ ಅಂದಕೂಡಲೇ ಎಲ್ಲರ ಬಾಯಿಗೆ ಬರುವುದು ಮೈಸೂರು ಸಿಲ್ಕ್. ಮಾನಂದವಾಡಿ ರಸ್ತೆಯ ಆ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಶುರುವಾದದ್ದೇ ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರಮಗ್ಗಗಳಿಂದ. ಅಂದರೆ ನಾವು ಪರಂಪರೆ ಎಂದು ಕಣ್ಣಿಗೊತ್ತಿಕೊಳ್ಳುವ ಸೀರೆ ಹುಟ್ಟಿನಿಂದಲೇ ಯಂತ್ರದ ಕೂಸು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅರಮನೆಯ ಯಂತ್ರಕ್ಕೆ ಪರಂಪರೆ ಎಂಬ ಹೆಸರು ಸಿಕ್ಕಿತು, ಕೇರಿಯ ಕೈಮಗ್ಗಕ್ಕೆ ಹೆಸರೇ ಉಳಿಯಲಿಲ್ಲ. ಇದನ್ನು ನೋಡಬೇಕು.

ಕೇರಿಯಲ್ಲಿ ಮಗ್ಗ ಇತ್ತೇ ಎಂದು ನಮ್ಮ ಹುಡುಗರೇ ಕೇಳುತ್ತಾರೆ. ಇತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತಲು ಬಂದ ಬುಕಾನನ್ ಬೆಂಗಳೂರಿನ ಕಡೆಯ ನೇಕಾರ ಜಾತಿಗಳ ಲೆಕ್ಕ ಬರೆಯುತ್ತಾ ದೇವಾಂಗ, ಪದ್ಮಶಾಲಿ, ಬಿಳಿಮಗ್ಗ, ತೊಗಟರ ಜೊತೆಗೆ ಹೊಲೆಯರನ್ನೂ ಸೇರಿಸಿದ್ದಾನೆ. ಇವರು ದಪ್ಪನೆಯ, ಗಟ್ಟಿಯಾದ ಬಿಳಿ ಬಟ್ಟೆ ನೇಯುವವರು ಎಂದು ಬರೆದಿದ್ದಾನೆ. ನೂರು ವರ್ಷದ ನಂತರ, 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಹೊರತಂದ. ಅವನು ಉದ್ಧರಿಸುವ ಮೈಸೂರು ಸಂಸ್ಥಾನದ ಜನಗಣತಿ ವರದಿಯಲ್ಲೂ ಇದೇ ವಿಷಯ ಇದೆ: ಹೊಲೆಯರು ಬೇಸಾಯದ ಕೂಲಿಗಳು, ಜೊತೆಗೆ ಕೈಮಗ್ಗದಲ್ಲಿ ಬಗೆಬಗೆಯ ದಪ್ಪ ಬಟ್ಟೆ ನೇಯುತ್ತಾರೆ, ಬಡವರು ಹೆಚ್ಚಾಗಿ ಉಡುವುದು ಅದನ್ನೇ, ಆದರೆ ಅಗ್ಗದ ವಿದೇಶಿ ಬಟ್ಟೆ ಅದನ್ನು ಬೇಗಬೇಗ ಮೂಲೆಗೆ ತಳ್ಳುತ್ತಿದೆ.

ಆ ಸಾಲುಗಳನ್ನು ಓದಿದಾಗ ನಮ್ಮವ್ವನ ತಾತನ ಮನೆಯ ಗುಂಡಿ ನನಗೆ ಕಂಡಿತು. ಮ್ಯಾಂಚೆಸ್ಟರಿನ ಬಟ್ಟೆ ಬಂದು ನೇಕಾರರ ಹೊಟ್ಟೆಯ ಮೇಲೆ ಹೊಡೆಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಓದಿಸಿದ್ದೇವೆ. ಆ ಪಾಠದ ನೇಕಾರನಿಗೆ ಜಾತಿ ಇರಲಿಲ್ಲ. ಇದ್ದರೂ ಅವನು ನಮ್ಮವನು ಎಂದು ಯಾರೂ ಹೇಳಲಿಲ್ಲ. ಊರಿನ ಬಡವರ ಮಾನ ಮುಚ್ಚಿದ ಬಟ್ಟೆಯನ್ನು ಊರು ಮುಟ್ಟಿಸಿಕೊಳ್ಳದ ಜನ ನೇಯ್ದರು. ಅವರು ನೇಯ್ದ ಬಟ್ಟೆ ಉಡಬಹುದು, ಅವರನ್ನು ಮುಟ್ಟಬಾರದು. ಈ ಶಾಸ್ತ್ರ ಯಾವ ಪುರೋಹಿತ ಬರೆದನೋ ಗೊತ್ತಿಲ್ಲ, ಊರು ಮಾತ್ರ ಅನುಕೂಲ ನೋಡಿಕೊಂಡು ಪಾಲಿಸಿತು. ಮಗ್ಗ ಹೋದ ಮೇಲೆ ನಮ್ಮವರಿಗೆ ಉಳಿದದ್ದು ಗೌಡರ ಗದ್ದೆಯ ಜೀತ. ಹೊಲೆಯ ಎಂದರೆ ಹೊಲದ ಕೂಲಿ, ಸತ್ತ ದನ ಎಳೆಯುವವನು, ತಮಟೆ ಬಡಿಯುವವನು ಎಂದು ನಾವೇ ನಂಬಿಕೊಂಡೆವು. ನಮ್ಮ ಕೈಯಲ್ಲಿ ಒಂದು ತಂತ್ರಜ್ಞಾನ ಇತ್ತು ಎಂಬ ನೆನಪನ್ನು ರಾಗಿ ವಾಡೆಯ ಕೆಳಗೆ ಹೂತುಬಿಟ್ಟೆವು.

ಡಿ. ಆರ್. ನಾಗರಾಜ್ ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದವರು. ಕುಶಲಕರ್ಮಿ ಜಾತಿಗಳ ತಂತ್ರವಿದ್ಯೆ ಸಾಯುವುದು ಕೂಡ ಒಂದು ಕೊಲೆಯೇ ಎಂಬ ಅರ್ಥದಲ್ಲಿ ಅವರು ಬರೆದಾಗ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೂ ಬಂದಿತ್ತು. ನಮ್ಮನ್ನು ಹಳೇ ಕಸುಬಿಗೇ ಕಟ್ಟಿಹಾಕುವ ಮಾತು ಇದು ಅನ್ನಿಸಿತ್ತು. ಈಗ ಅರ್ಧ ಒಪ್ಪುತ್ತೇನೆ. ಕೊಲೆಯಾದದ್ದು ನಿಜ. ಆದರೆ ಕೊಲೆಯಾದವನ ಹೆಸರು ಹೇಳದೆ ಶೋಕಸಭೆ ಮಾಡಬಾರದು.

ಯಂತ್ರದ ವಿಚಾರಕ್ಕೆ ಬರೋಣ. ಗಾಂಧಿಯವರ ಚರಕದ ಎದುರಿಗೆ ಬಾಬಾಸಾಹೇಬರು ಇಟ್ಟ ವಾದ ನಮಗೆಲ್ಲ ಗೊತ್ತು. ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಲೆಕ್ಕ ಕೇಳಿದ 1945ರ ಪುಸ್ತಕದಲ್ಲಿ ಅವರು ಗಾಂಧಿವಾದಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಯಂತ್ರ ಇಲ್ಲದ ಸಮಾಜದಲ್ಲಿ ಮನುಷ್ಯ ಪ್ರಾಣಿಯ ಹಾಗೆ ಹಗಲೂ ರಾತ್ರಿ ದುಡಿಯಬೇಕು, ಬಿಡುವು ಇಲ್ಲದವನಿಗೆ ಸಂಸ್ಕೃತಿ ಇಲ್ಲ, ಬಿಡುವು ಕೊಡುವುದು ಯಂತ್ರ. ತಪ್ಪು ಯಂತ್ರದ್ದಲ್ಲ, ಅದನ್ನು ಕೆಲವರ ಸ್ವತ್ತಾಗಿಸಿದ ವ್ಯವಸ್ಥೆಯದು. ಅವರ ವಾದದ ತಿರುಳು ಇದು. ಇದನ್ನು ನಾನು ಇವತ್ತಿಗೂ ಬಿಟ್ಟುಕೊಡಲಾರೆ.

ಆದರೆ ನಮ್ಮ ಕಡೆಯವರು ಇದನ್ನು ಅರ್ಧಕ್ಕೇ ನಿಲ್ಲಿಸಿ, ಮಿಲ್ಲು ಬಂತು ಜಾತಿ ಹೋಯಿತು ಅಂದುಕೊಂಡರು. ಬಾಬಾಸಾಹೇಬರು ಅಂದುಕೊಂಡಿರಲಿಲ್ಲ. ಬೊಂಬಾಯಿಯ ಹತ್ತಿ ಗಿರಣಿಗಳಲ್ಲಿ ಸಾವಿರಾರು ಅಸ್ಪೃಶ್ಯರು ದುಡಿಯುತ್ತಿದ್ದರು. ಅವರಿಗೆ ನೂಲುವ ವಿಭಾಗ ಮಾತ್ರ. ಹೆಚ್ಚು ಕೂಲಿಯ ನೇಯುವ ವಿಭಾಗಕ್ಕೆ ಬಿಡುತ್ತಿರಲಿಲ್ಲ. ಯಾಕೆ? ನೇಯುವಾಗ ಲಾಳಿಯೊಳಗಿನ ಕಂಡಿಕೆ ಮುಗಿದರೆ ಹೊಸದನ್ನು ಹಾಕಿ ನೂಲಿನ ತುದಿಯನ್ನು ಬಾಯಿಂದ ಎಳೆದುಕೊಳ್ಳಬೇಕಿತ್ತು. ಅಸ್ಪೃಶ್ಯನ ಬಾಯಿ ತಗುಲಿದ ನೂಲನ್ನು ಸವರ್ಣ ಕಾರ್ಮಿಕ ಮುಟ್ಟುವುದು ಹೇಗೆ? 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕೆಂಬಾವುಟದ ನಾಯಕರ ಮುಂದೆ ಇಟ್ಟರು. ಅವರು ಒಲ್ಲದ ಮನಸ್ಸಿನಿಂದ ಬೇಡಿಕೆ ಪಟ್ಟಿಗೆ ಸೇರಿಸಿಕೊಂಡರು. ಕಬ್ಬಿಣದ ಯಂತ್ರ, ಉಗಿಯ ಶಕ್ತಿ, ಕಾರ್ಮಿಕರ ಒಗ್ಗಟ್ಟು ಎಲ್ಲವೂ ಇತ್ತು. ಒಂದು ಎಳೆ ಎಂಜಲಿನ ಮುಂದೆ ಅವೆಲ್ಲ ಸೋತವು. ಜಾತಿ ನಮ್ಮಲ್ಲಿ ಹಾಸುಹೊಕ್ಕಾಗಿದೆ ಎನ್ನುತ್ತೇವಲ್ಲ, ಅಲ್ಲಿ ಅದು ಬರೀ ನುಡಿಗಟ್ಟಾಗಿರಲಿಲ್ಲ.

ಆದ್ದರಿಂದ ಕೈಯೋ ಯಂತ್ರವೋ ಎಂಬ ಜಗಳ ನಮ್ಮ ಜಗಳವಲ್ಲ. ಮಗ್ಗದ ಮುಂದೆ ಯಾರು ಕೂರಬಹುದು, ಕೂತವನು ಬೇಡವೆಂದಾಗ ಎದ್ದು ಹೋಗಬಹುದೇ, ಎದ್ದು ಹೋದವನ ಮಗಳು ಮತ್ತೆ ಬಂದು ಕೂತರೆ ಅವಳನ್ನು ಏನೆಂದು ಕರೆಯುತ್ತಾರೆ? ನಮಗೆ ಬೇಕಾದ ಜಗಳ ಇದು.

ಮೈಸೂರಿನಿಂದ ಇದಕ್ಕೆ ದೂರ ಹೋಗಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು ಇದೆ. ದೇವನೂರ ಮಹಾದೇವರ ದೇವನೂರು ಇರುವುದೂ ಇದೇ ತಾಲ್ಲೂಕಿನಲ್ಲಿ. ಬದನವಾಳಿನ ಖಾದಿ ಕೇಂದ್ರ 1920ರ ದಶಕದ ಕೊನೆಯಲ್ಲಿ ಶುರುವಾದದ್ದು, ಗಾಂಧಿ ಬಂದು ಹೋದ ಜಾಗ. ಹಂಚಿನ ಮಾಡಿನ ಉದ್ದನೆಯ ಕಟ್ಟಡಗಳು, ರಾಟೆಗಳು, ಮಗ್ಗಗಳು. ಸುತ್ತಲ ಹಳ್ಳಿಯ ಹೆಂಗಸರು ಬಂದು ನೂತು ನೇಯ್ದು ಮನೆಗೆ ನಾಲ್ಕು ಕಾಸು ಒಯ್ದರು. ಕೇರಿಯ ಹೆಂಗಸಿನ ಕೈಗೆ ಗೌಡನ ಕೈಯಿಂದಲ್ಲದೆ ಬೇರೆ ಕಡೆಯಿಂದ ಕೂಲಿ ಬಂದದ್ದು ಸಣ್ಣ ಸಂಗತಿಯಲ್ಲ. ಅದನ್ನು ಒಪ್ಪೋಣ.

ಅದೇ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಹಿನ್ನೆಲೆಯಲ್ಲಿದ್ದದ್ದು ಸಿದ್ಧೇಶ್ವರನ ಗುಡಿಗೆ ದಲಿತರು ಹೋಗುವ ಪ್ರಶ್ನೆ. ಖಾದಿ ಕೇಂದ್ರ ಶುರುವಾಗಿ ಅರವತ್ತು ವರ್ಷದ ಮೇಲಾಗಿತ್ತು. ಎರಡು ತಲೆಮಾರು ಅಲ್ಲಿ ನೂಲು ನೂತಿತ್ತು. ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ದಾರಿ ಕೊಲೆಯ ಮೇಲೆ ಮುಚ್ಚಿಹೋಯಿತು. ಹೃದಯ ಪರಿವರ್ತನೆಯ ನೂಲು ಆ ದಾರಿಯನ್ನು ಹೊಲಿಯಲಿಲ್ಲ.

2015ರಲ್ಲಿ ರಂಗಕರ್ಮಿ ಪ್ರಸನ್ನ ಪಾಳುಬಿದ್ದಿದ್ದ ಆ ಖಾದಿ ಕೇಂದ್ರದಲ್ಲಿ ಹೋಗಿ ಕೂತರು. ಬದನವಾಳು ಸತ್ಯಾಗ್ರಹ ಎಂದು ಹೆಸರಾಯಿತು. ಏಪ್ರಿಲ್‌ನಲ್ಲಿ ಅಲ್ಲಿ ಸುಸ್ಥಿರ ಬದುಕಿನ ದೊಡ್ಡ ಸಮಾವೇಶ ನಡೆಯಿತು, ರಾಜ್ಯದ ಮೂಲೆಮೂಲೆಯಿಂದ ಜನ ಬಂದರು. ಪ್ರಸನ್ನರನ್ನು ಬಾಯಿಮಾತಿನ ಗಾಂಧಿವಾದಿ ಎನ್ನಲು ಬಾಯಿ ಬರುವುದಿಲ್ಲ. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಎಂಬ ಹೆಂಗಸರ ಸಹಕಾರ ಸಂಸ್ಥೆ ಕಟ್ಟಿ, ಸಹಜ ಬಣ್ಣದ ಬಟ್ಟೆ ನೇಯಿಸಿ, ದೇಸಿ ಅಂಗಡಿಗಳಲ್ಲಿ ಮಾರಿ ತೋರಿಸಿದವರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಕ್ಕೆ ತೆರಿಗೆ ಹಾಕಬೇಡಿ ಎಂದು ಉಪವಾಸ ಕೂತರು. ಅಷ್ಟು ಮಾಡಿದ ಮನುಷ್ಯನ ಜೊತೆ ಜಗಳ ಆಡುವುದಕ್ಕೂ ಒಂದು ಗೌರವ ಬೇಕು.

ಆ ಗೌರವದಿಂದಲೇ ಜಗಳ ಆಡುತ್ತೇನೆ. 'ಯಂತ್ರಗಳನ್ನು ಕಳಚೋಣ ಬನ್ನಿ' ಅವರ ಪುಸ್ತಕದ ಹೆಸರು. ಬನ್ನಿ ಎಂದು ಕರೆಯುತ್ತಿರುವುದು ಯಾರನ್ನು? ಯಂತ್ರ ಇದ್ದವರನ್ನು. ಒಗೆಯುವ ಯಂತ್ರ, ರುಬ್ಬುವ ಯಂತ್ರ, ತಣ್ಣಗಿಡುವ ಯಂತ್ರ ಮನೆತುಂಬ ತುಂಬಿಕೊಂಡು ಮೈಗೆ ಸೋಮಾರಿತನ ಹತ್ತಿಸಿಕೊಂಡ ಮಧ್ಯಮವರ್ಗಕ್ಕೆ ಅದು ಸರಿಯಾದ ಮದ್ದೇ. ಆದರೆ ಒಂದು ಮಿಕ್ಸಿ ಕೊಳ್ಳಲು ಮೂರು ತಿಂಗಳು ಚೀಟಿ ಕಟ್ಟಿದ ನಮ್ಮ ಕೇರಿಯ ಹೆಣ್ಣುಮಗಳಿಗೆ ಏನನ್ನು ಕಳಚು ಎನ್ನುತ್ತೀರಿ? ಸರಳ ಬದುಕು ಅನ್ನುವುದು ಇದ್ದವನು ಇಳಿಯುವ ಮೆಟ್ಟಿಲು. ಆ ಮೆಟ್ಟಿಲ ಬುಡದಲ್ಲೇ ಹುಟ್ಟಿದವನಿಗೆ ಅದು ಬದುಕು ಮಾತ್ರ, ಅದಕ್ಕೆ ಸರಳ ಎಂಬ ಬಿರುದೇನೂ ಸಿಕ್ಕಿಲ್ಲ.

ಮಗ್ಗದ ಕೆಲಸದ ಲೆಕ್ಕವನ್ನೇ ನೋಡಿ. ಒಬ್ಬ ನೇಕಾರನ ಮಗ್ಗಕ್ಕೆ ರಾಟೆಯ ನೂಲು ಒದಗಿಸಲು ಹಲವು ಕೈ ಬೇಕು. ಲಡಿ ಬಿಚ್ಚಬೇಕು, ಹಾಸು ಹರವಬೇಕು, ಗಂಜಿ ಹಚ್ಚಿ ತೀಡಬೇಕು, ಮುರಿದ ಎಳೆಗೆ ಗಂಟು ಹಾಕಬೇಕು, ಕಂಡಿಕೆ ಸುತ್ತಬೇಕು. ಮಗ್ಗದ ಮೇಲೆ ಕೂತವನಿಗೆ ನೇಕಾರ ಎಂದು ಹೆಸರು. ಉಳಿದದ್ದು ಹೆಂಗಸರು ಮಕ್ಕಳ ಕೈಕೆಲಸ, ಮನೆಗೆಲಸದ ಲೆಕ್ಕದಲ್ಲಿ ಮುಳುಗಿಹೋಗುತ್ತದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸಗಾರರು ಸುಮಾರು 35 ಲಕ್ಷ. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡರಷ್ಟಕ್ಕೆ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಿಮೆ. ಮನೆಯಲ್ಲಿ ಮಗ್ಗ ಎಂದರೆ ಶಿಬಿರದವರಿಗೆ ಬೆಚ್ಚನೆಯ ಮಾತು. ಆ ಹೆಂಗಸಿಗೆ ಮನೆಯೇ ಕಾರ್ಖಾನೆ, ಬಾಗಿಲು ಹಾಕಿಕೊಂಡರೂ ಪಾಳಿ ಮುಗಿಯದು.

ಸರ್ಕಾರಕ್ಕೆ ಕೈಮಗ್ಗದ ಮೇಲೆ ಎಷ್ಟು ಪ್ರೀತಿ? 2015ರಿಂದ ಆಗಸ್ಟ್ 7ನ್ನು ಕೈಮಗ್ಗ ದಿನ ಎಂದು ಆಚರಿಸಿತು. 2020ರಲ್ಲಿ, ಕೊರೋನಾದಿಂದ ನೇಕಾರರ ಮಗ್ಗ ನಿಂತಿದ್ದ ಹೊತ್ತಿನಲ್ಲೇ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟವೂ ಆಗಬಹುದು ಎಂದಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಿಂದ ಇರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಎಳೆ ಎಣಿಸಿ, ಅಳತೆ ನೋಡಿ ರಾಷ್ಟ್ರಧ್ವಜ ಹೊಲಿಯುತ್ತಿದ್ದ ಹೆಂಗಸರು ಮರುವರ್ಷ ಮನೆಮನೆಯ ಮೇಲೆ ಪಾಲಿಯೆಸ್ಟರ್ ಹಾರಿದ್ದನ್ನು ನೋಡಿದರು. ದಿನಾಚರಣೆ ಕೊಡುತ್ತಾರೆ, ಕೂಲಿ ಕೊಡುವುದಿಲ್ಲ.

ಮೇಷ್ಟ್ರುಗಳು ಇನ್ನು ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಬೇಕು, ಯಾಕೆಂದರೆ ಇದು ನಮ್ಮ ತರಗತಿಯೊಳಕ್ಕೇ ಬಂದಿದೆ.

1953ರಲ್ಲಿ ಮದರಾಸಿನಲ್ಲಿ ರಾಜಾಜಿ ಒಂದು ಶಿಕ್ಷಣ ಯೋಜನೆ ತಂದರು. ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆಗೆ ಬರಲಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ. ಕೇಳಲು ಎಷ್ಟು ಹಿತ! ನೇಕಾರನ ಮಗ ನೇಯಲಿ, ಅಗಸನ ಮಗ ಒಗೆಯಲಿ, ಚಮ್ಮಾರನ ಮಗ ಚರ್ಮ ಹದಮಾಡಲಿ. ಗುಮಾಸ್ತನ ಮಗ ಏನು ಕಲಿಯಬೇಕು ಎಂದು ಯಾರೂ ಹೇಳಲಿಲ್ಲ. ಪೆರಿಯಾರ್ ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. ಮರುವರ್ಷ ಕಾಮರಾಜರು ಮುಖ್ಯಮಂತ್ರಿಯಾಗಿ ಅದನ್ನು ಕಿತ್ತೆಸೆದರು.

ಅದು ಸತ್ತಿತು ಅಂದುಕೊಂಡೆವು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿಯಾಯಿತು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ದುಡಿಸಬಾರದು ಎಂದ ಅದೇ ಕಾಯ್ದೆ, ಶಾಲೆ ಬಿಟ್ಟ ಮೇಲೆ ಕುಟುಂಬದ ಕಸುಬಿಗೆ ನೆರವಾಗಬಹುದು ಎಂದು ಹಿಂದಿನ ಬಾಗಿಲು ತೆರೆಯಿತು. 2023ರ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಯೋಜನೆ ಬಂತು. ಹದಿನೆಂಟು ಕಸುಬುಗಳ ಪಟ್ಟಿ, ಅದರಲ್ಲಿ ಚಮ್ಮಾರಿಕೆ ಇದೆ, ಬಟ್ಟೆ ಒಗೆಯುವುದಿದೆ, ಪೊರಕೆ ಕಟ್ಟುವುದಿದೆ. ಸಾಲ ಕೊಡುವುದು, ಉಪಕರಣ ಕೊಡುವುದು ಒಳ್ಳೆಯದೇ. ಆದರೆ ಉದ್ದೇಶದಲ್ಲೇ ಗುರುಶಿಷ್ಯ ಪರಂಪರೆ, ಕುಟುಂಬದ ಕಸುಬು ಎಂಬ ಮಾತುಗಳಿವೆ. ತಮಿಳುನಾಡು ಸರ್ಕಾರ 2024ರಲ್ಲಿ ಇದನ್ನು ಈ ರೂಪದಲ್ಲಿ ಜಾರಿ ಮಾಡುವುದಿಲ್ಲ ಎಂದಿತು, ಅವರಿಗೆ 1953 ನೆನಪಿತ್ತು. ನಮಗೆ ಅಂಥ ನೆನಪೂ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಕುಶಲಕರ್ಮಿಗಳ ಹತ್ತಿರ ಹೋಗಿ ಕಲಿಯಲಿ ಎಂದಿತು. ಒಪ್ಪಿದೆ. ನನ್ನ ಪ್ರಶ್ನೆ ಇಷ್ಟೇ: ಮಡಿಕೆ ಮಾಡುವವನ ಮಗನನ್ನು ಯಾರ ಹತ್ತಿರ ಕಳಿಸುತ್ತೀರಿ? ಬ್ಯಾಂಕಿನವನ ಮಗಳು ಚರ್ಮ ಹದಮಾಡುವವನ ಹತ್ತಿರ ಹತ್ತು ದಿನ ಕೂತು, ಅವನ ಮನೆಯಲ್ಲಿ ನೀರು ಕುಡಿದು ಬರುತ್ತಾಳೆಯೇ? ಹಾಗೆ ಆದರೆ ಅದು ಪ್ರಯೋಗ. ನಾನೇ ಮುಂದೆ ನಿಂತು ಕರೆದುಕೊಂಡು ಹೋಗುತ್ತೇನೆ.

ಪ್ರಯೋಗ ಎಂಬ ಪದಕ್ಕೆ ಬಂದೆವು. ನನ್ನ ಮಗಳು ತಪ್ಪು ನೇಯ್ದರೆ ಬಿಚ್ಚಿ ಮತ್ತೆ ನೇಯಬಹುದು, ಬೇಸರವಾದರೆ ಮಂಚದಡಿ ತಳ್ಳಿ ಎಂಎ ಪರೀಕ್ಷೆಗೆ ಓದಬಹುದು. ಅವಳ ಊಟ ಆ ಬಟ್ಟೆಯ ಮೇಲೆ ನಿಂತಿಲ್ಲ. ಕೆಡಿಸಬಹುದಾದ ನೂಲು, ಕಳೆಯಬಹುದಾದ ಹೊತ್ತು ಇದ್ದರೆ ಮಾತ್ರ ಪ್ರಯೋಗ. ಇದು ಅವಳಿಗೆ ಸಿಕ್ಕಿದ್ದು ಹೇಗೆ? ಅವಳ ಅಜ್ಜಿ ಕಳೆ ಕಿತ್ತು, ಅಪ್ಪ ಹಾಸ್ಟೆಲಿನ ಮುದ್ದೆ ತಿಂದು, ಮೀಸಲಾತಿಯಲ್ಲಿ ಮೇಷ್ಟ್ರಾಗಿ, ಮೂರು ತಲೆಮಾರು ಸೇರಿ ಅವಳ ಕೈಗೆ ಬಿಡುವು ತಂದುಕೊಟ್ಟಿದೆ. ಬಾಬಾಸಾಹೇಬರು ಹೇಳಿದ ಆ ಬಿಡುವು. ಅದನ್ನು ಅವಳು ಮಗ್ಗದ ಮುಂದೆ ಕಳೆಯುತ್ತೇನೆ ಎಂದರೆ ನನಗೆ ಸಂಕಟವಿಲ್ಲ, ಸ್ವಲ್ಪ ಹೆಮ್ಮೆಯೇ. ಹಿಂದಕ್ಕೆ ಹೋಗುತ್ತಿದ್ದೀಯಲ್ಲಮ್ಮ ಎಂದು ಸಂಘಟನೆಯ ಗೆಳೆಯರೊಬ್ಬರು ಅವಳನ್ನು ಕೆಣಕಿದರು. ಅವರ ಮಾತು ನನಗೆ ಸರಿಬರಲಿಲ್ಲ. ತಮಟೆಯನ್ನು ಊರಿನವರ ಸಾವಿಗೆ ಬಿಟ್ಟಿ ಬಡಿಯುವುದನ್ನು ನಿಲ್ಲಿಸಿದೆವು, ನಮ್ಮ ಮೆರವಣಿಗೆಯಲ್ಲಿ ನಾವೇ ಹೊಡೆದುಕೊಂಡೆವು. ಅಲ್ಲಿ ಹಿಂದಕ್ಕೆ ಹೋದೆವೇ? ಮಗ್ಗಕ್ಕೂ ಅಷ್ಟೇ.

ಆದರೆ ಹೆಸರಿಲ್ಲದೆ ಅಲ್ಲ. ಆ ಚೀಟಿಯ ಜಗಳ ಸಣ್ಣದು ಎಂದು ಶಿಬಿರದವರು ಅಂದುಕೊಂಡರು. ನಮ್ಮ ಕೈಯ ವಿದ್ಯೆ ಬೇಕು, ದಪ್ಪ ನೂಲಿನ ಒರಟು ಅಂದ ಬೇಕು, ಅದಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯೂ ಇದೆ. ಹೆಸರು ಮಾತ್ರ ಬೇಡ. ಬಟ್ಟೆ ಉಡಬಹುದು, ಮುಟ್ಟಬಾರದು ಎಂಬ ಹಳೇ ಶಾಸ್ತ್ರ ಇದಕ್ಕಿಂತ ಬೇರೆಯೇ? 'ಸ್ಥಳೀಯ ಸಮುದಾಯ' ಎನ್ನುವುದು ಆ ಶಾಸ್ತ್ರಕ್ಕೆ ಇಸ್ತ್ರಿ ಹಾಕಿದ ರೂಪ.

ಬದನವಾಳಿನ ಮುಚ್ಚಿದ ದಾರಿಗೆ 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಪಾದಯಾತ್ರೆಯಲ್ಲಿ ಬಂದಾಗ ಕಲ್ಲು ಹಾಸಿ ಮತ್ತೆ ತೆರೆದರು. ಖಾದಿ ಕೇಂದ್ರದ ಹೆಂಗಸರ ಜೊತೆ ಅವರು ಮಾತಾಡಿದರು, ಫೋಟೋ ಬಂತು. ಇಪ್ಪತ್ತೊಂಬತ್ತು ವರ್ಷ ಬೇಕಾಯಿತು ಒಂದು ಬೀದಿಗೆ. ಕೂಗಳತೆಯಲ್ಲಿ ಮಗ್ಗಗಳಿದ್ದವು.

ಆ ಬಿಳಿ ಬಟ್ಟೆ ಈಗ ಅವ್ವನ ತಲೆದಿಂಬಿನ ಮೇಲಿದೆ. ಒರಟು, ಕೆನ್ನೆಗೆ ತರಚುತ್ತೆ ಎಂದು ಆಕೆಯ ದೂರು. ಮಗಳು ತೆಳ್ಳನೆ ನೂಲು ತಂದು ಇನ್ನೊಂದು ಶುರುಮಾಡಿದ್ದಾಳೆ. ಜೊತೆಗೆ ಒಂದು ನೋಟುಪುಸ್ತಕ ಇಟ್ಟಿದ್ದಾಳೆ. ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಯ ಕೇರಿಗಳಲ್ಲಿ ಮಗ್ಗದ ಗುಂಡಿ ಯಾವ ಮನೆಯಲ್ಲಿತ್ತು, ಏನು ನೇಯುತ್ತಿದ್ದರು, ಯಾರಿಗೆ ಮಾರುತ್ತಿದ್ದರು, ಯಾವಾಗ ಮುಚ್ಚಿದರು ಎಂದು ಅಜ್ಜಿಯರನ್ನು ಕೇಳಿ ಬರೆದುಕೊಳ್ಳುತ್ತಿದ್ದಾಳೆ. ಓದುವ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗರು ಹುಡುಗಿಯರು ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಎಂಬತ್ತು ದಾಟಿದವರನ್ನು ಮೊದಲು ಕೇಳಿ. ಹಾಸುವಿಗೆ, ಹೊಕ್ಕಿಗೆ, ಲಾಳಿಗೆ ಅವರು ಬೇರೆ ಹೆಸರು ಹೇಳಿದರೆ ಅದನ್ನೇ ಬರೆಯಿರಿ, ತಿದ್ದಬೇಡಿ. ಬರೆದದ್ದನ್ನು ಪತ್ರಿಕೆಗೆ ಕಳಿಸಿ.